ಕಲ್ಲುನೆಲದಲ್ಲಿ ಕೊಟ್ಟಿಗೆಯ ಕಂಬದ ಗುಳಿ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.)

ದನಕರುಗಳಿಗೆ ಒಳ್ಳೆಯ ಕೊಟ್ಟಿಗೆ ಬೇಕೆಂಬುದನ್ನು ನಮ್ಮ ರೈತಮಹಾಶಯರಿಗೆ ಹೊಸದಾಗಿ ತಿಳಿಸಬೇಕಾದ ಅವಶ್ಯಕತೆಯಿಲ್ಲ. ಗಾಳಿ ಬೆಳಕುಗಳು ಯಾವ ದಿಕ್ಕಿನಿಂದ ಬರಬೇಕು, ಗೋದಲಿ ಎಷ್ಟು ಎತ್ತರವಿರಬೇಕು, ಗಂಜಲವು ಯಾವ ಕಡೆಗೆ ಹರಿದು ಗೊಬ್ಬರದ ಗುಂಡಿಯನ್ನು ಸೇರಬೇಕು ಎಂಬ ವಿಚಾರಗಳನ್ನು ಅನೇಕರು ಬಲ್ಲರು. ಬಲ್ಲವರು ಅದರಂತೆ ನಡೆಸಿಯೂ ಇರುತ್ತಾರೆ. ಆದರೆ ಕೊಟ್ಟಿಗೆಯು ನಿಲ್ಲುವುದು ಕಂಬಗಳ ಮೇಲೆ. ಕಂಬವು ನಿಲ್ಲುವುದು ಗುಳಿಯಲ್ಲಿ. ಈ ಗುಳಿಯ ವಿಷಯವಾಗಿ ಯಾರೂ ಹೆಚ್ಚು ಯೋಚಿಸುವುದಿಲ್ಲ. ಮಣ್ಣು ಮುಚ್ಚಿ ದಮ್ಮಸ್ಸು ಮಾಡಿದ ಮೇಲೆ ಅದು ಆಳವಾಗಿತ್ತೇ ಅಲ್ಲವೇ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲವಾದುದೇ ಇದಕ್ಕೆ ಕಾರಣವೆಂದು ತೋರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಟ್ಟಿಗೆಯನ್ನು ಕಟ್ಟಿಸಲು ಹೊರಟವರಿಗೆ ಮೊದಲು ಎದುರಾಗುವುದು ಕಲ್ಲು. ಫಲವತ್ತಾದ ನೆಲವನ್ನು ಪೈರಿಗೆ ಬಿಟ್ಟು, ಊರಂಚಿನ ಗರಸು ದಿಣ್ಣೆಯನ್ನೋ ಬಂಡೆಯ ಮಗ್ಗುಲನ್ನೋ ಕೊಟ್ಟಿಗೆಗೆಂದು ಆರಿಸುವುದು ನಮ್ಮಲ್ಲಿ ವಾಡಿಕೆ. ಅದು ವಿವೇಕದ ವಾಡಿಕೆಯೇ ಸರಿ. ನೀರು ನಿಲ್ಲದ ಎತ್ತರದ ಜಾಗವು ದನಗಳ ಗೊರಸಿಗೂ ಆರೋಗ್ಯಕ್ಕೂ ಹಿತಕರವಾದುದು. ಆದರೆ ಅಂತಹ ಕಡೆ ಒಂದು ಅಡಿ ಇಳಿಯುವಷ್ಟರಲ್ಲಿಯೇ ಹಾರೆಯು ಠಣ್ಣೆಂದು ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಕೂಡಲೆ ಯಜಮಾನನು ಏನು ಮಾಡುವನೆಂಬುದರ ಮೇಲೆ ಕೊಟ್ಟಿಗೆಯ ಆಯುಸ್ಸು ನಿಂತಿದೆ. ಈ ಲೇಖನದ ಮುಖ್ಯ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ: ಕಲ್ಲುನೆಲದಲ್ಲಿ ಕೊಟ್ಟಿಗೆಗಳು ಕೆಡುವುದು ಕಲ್ಲಿನ ದೆಸೆಯಿಂದಲ್ಲ, “ಗುಳಿಗೆ ಇಷ್ಟು” ಎಂದು ಒಂದೇ ದರದ ಗುತ್ತಿಗೆ ಕೊಡುವ ನಮ್ಮ ಪದ್ಧತಿಯ ದೆಸೆಯಿಂದ.

ನನ್ನ ಅನುಭವದ ಒಂದು ಸಂಗತಿಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಒಂದು ಪಾಲು ಇರುವುದರಿಂದ ಹೇಳುವುದಕ್ಕೆ ಸಂಕೋಚವಾದರೂ, ಹೇಳದಿರುವುದು ಅದಕ್ಕಿಂತ ದೊಡ್ಡ ತಪ್ಪೆಂದು ಭಾವಿಸುತ್ತೇನೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಪಾವಗಡದ ಸೀಮೆಯ ಒಂದು ಗ್ರಾಮದಲ್ಲಿ ಸ್ಥಿತಿವಂತರಾದ ರೈತರೊಬ್ಬರು 30 ಅಡಿ ಉದ್ದ, 10 ಅಡಿ ಅಗಲದ ಕೊಟ್ಟಿಗೆಯನ್ನು ಕಟ್ಟಿಸುತ್ತಿದ್ದರು. ಎರಡು ಸಾಲಾಗಿ ಎಂಟು ಕಂಬಗಳು, ಮೇಲೆ ಮರದ ತೊಲೆ, ತಗಡಿನ ಹೊದಿಕೆ. ಗುಳಿಗಳನ್ನು ಎರಡೂವರೆ ಅಡಿ ಆಳ ತೋಡಬೇಕೆಂದು ನಾನೇ ಗುರುತು ಹಾಕಿಕೊಟ್ಟಿದ್ದೆನು. ಆರು ಗುಳಿಗಳು ಸರಿಯಾಗಿ ಇಳಿದವು. ಪಡುವಲ ಕೊನೆಯ ಎರಡು ಗುಳಿಗಳಲ್ಲಿ ಒಂದು ಅಡಿಗೇ ಬಂಡೆ ಸಿಕ್ಕಿತು. ನಾನು ಸ್ಥಳಕ್ಕೆ ಹೋದಾಗ ಅಗೆಯುತ್ತಿದ್ದ ಹಿರಿಯನು ಹಾರೆಯನ್ನು ಊರಿಕೊಂಡು ನಿಂತು, “ಸ್ವಾಮಿ, ಇಲ್ಲಿ ಇನ್ನೂ ಒಂದೂವರೆ ದಿನದ ಕೆಲಸ ಐತೆ. ಗುಳಿಗೆ ಇಷ್ಟೇ ಅಂದರೆ ನಮಗೆ ಗಿಟ್ಟೋದಿಲ್ಲ, ಗೌಡರಿಗೆ ಒಂದು ಮಾತು ಹೇಳಿ,” ಎಂದನು. ಗೌಡರು, “ಒಪ್ಪಿದ ಮಾತು ಒಪ್ಪಿದ್ದೇ. ಕೆಳಗೆ ಬಂಡೆಯೇ ಇರುವಾಗ ಕಂಬ ಎಲ್ಲಿಗೆ ಹೋದೀತು?” ಎಂದರು. ಇಬ್ಬರೂ ನನ್ನ ಮುಖವನ್ನು ನೋಡಿದರು. ಆ ದಿನ ನನಗೆ ಇನ್ನೆರಡು ಊರುಗಳಿಗೆ ಹೋಗಬೇಕಾಗಿತ್ತು. ನಾನು ಏನೂ ಹೇಳದೆ, ತನಿಖೆಯ ಪುಸ್ತಕದಲ್ಲಿ “ಕೆಲಸ ತೃಪ್ತಿಕರ” ಎಂದು ಬರೆದು ಹೊರಟುಹೋದೆನು.

ಮುಂದಿನ ಬೇಸಗೆಯಲ್ಲಿ, ಮೇ ತಿಂಗಳಿನ ಒಂದು ಸಂಜೆ, ಆಲಿಕಲ್ಲಿನ ಮಳೆಗೆ ಮುಂಚೆ ಎದ್ದ ಬಿರುಗಾಳಿಗೆ ಆ ಎರಡು ಕಂಬಗಳು ವಾಲಿದವು. ತಗಡು ಹಾರಿತು, ತೊಲೆಯು ಜಾರಿ ಕೆಳಗೆ ಕಟ್ಟಿದ್ದ ಎತ್ತಿನ ಮೇಲೆ ಬಿದ್ದಿತು. ಎತ್ತು ಮತ್ತೆ ಏಳಲಿಲ್ಲ. ಮುಂಗಾರಿನ ಉಳುಮೆಗೆ ಇನ್ನು ಹದಿನೈದು ದಿನಗಳಿದ್ದವು. ಒಂಟಿ ಎತ್ತಿಗೆ ಜೊತೆಯನ್ನು ಹುಡುಕಲು ಅವರು ಎರಡು ಸಂತೆ ತಿರುಗಿ, ಸಾಲ ಮಾಡಿ ಕೊಂಡುತಂದರು. ಅಷ್ಟರಲ್ಲಿ ಹದ ತಪ್ಪಿಹೋಗಿತ್ತು. ಆಮೇಲೆ ನಾನು ಹೋದಾಗ ಅವರು ನನ್ನನ್ನು ದೂಷಿಸಲಿಲ್ಲ. “ಗಾಳಿ ಜೋರಾಗಿತ್ತು, ಸ್ವಾಮಿ” ಎಂದಷ್ಟೇ ಹೇಳಿ, ಕುಡಿಯಲು ಮಜ್ಜಿಗೆ ತರಿಸಿದರು. ಒಂದೂವರೆ ದಿನದ ಎರಡಾಳಿನ ಕೂಲಿಯನ್ನು ಉಳಿಸಿದ್ದಕ್ಕೆ ಆದ ನಷ್ಟ ಇದು. ಅಂದಿನಿಂದ ನಾನು ಗುಳಿಯನ್ನು ಅಳೆಯದೆ ಯಾವ ಕೊಟ್ಟಿಗೆಗೂ ಒಪ್ಪಿಗೆ ಬರೆದಿಲ್ಲ.

ಇಂತಹ ಮಾತನ್ನು ಹೇಳಿದಾಗ ಗ್ರಾಮಸ್ಥರು ಸಾಮಾನ್ಯವಾಗಿ ಒಂದು ಆಕ್ಷೇಪವನ್ನು ಎತ್ತುತ್ತಾರೆ. “ನಮ್ಮ ತಾತಂದಿರು ಒಂದು ಅಡಿ ಗುಳಿಯಲ್ಲಿಯೇ ಕಂಬ ನೆಟ್ಟರು; ಆ ಕೊಟ್ಟಿಗೆಗಳು ಐವತ್ತು ವರ್ಷ ನಿಂತವು” ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ತಾತಂದಿರ ಕೊಟ್ಟಿಗೆಯ ಮೇಲಿದ್ದುದು ಹುಲ್ಲು ಅಥವಾ ಸೋಗೆ, ಇಲ್ಲವೇ ಹೆಂಚು. ಹುಲ್ಲಿನ ಹೊದಿಕೆಯ ಸಂದಿಯಲ್ಲಿ ಗಾಳಿಯು ನುಸುಳಿ ಹೋಗುತ್ತಿತ್ತು. ಹೆಂಚು ತನ್ನ ತೂಕದಿಂದಲೇ ಕೂತಿರುತ್ತಿತ್ತು. ಈಗ ಬಹುಮಟ್ಟಿಗೆ ಎಲ್ಲರೂ ಹಾಕಿಸುವುದು ತಗಡು. ತಗಡು ಹಗುರ, ಅದರೊಳಗೆ ಗಾಳಿಯು ನುಸುಳಲಾರದು. ಗಂಟೆಗೆ 100 ಕಿಲೋಮೀಟರು ವೇಗದ ಗಾಳಿಯ ಒತ್ತಡವು ಒಂದು ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ಆಗುತ್ತದೆ. ಸಾಮಾನ್ಯವಾದ ತಗಡಿನ ತೂಕವಾದರೋ ಒಂದು ಚದರ ಅಡಿಗೆ ಅರ್ಧ ಕಿಲೋವಿನಷ್ಟೂ ಇರುವುದಿಲ್ಲ. ಅಂದರೆ ಗಾಳಿಯ ಬಲವು ತಗಡಿನ ತೂಕದ ಹತ್ತುಪಟ್ಟಿಗೆ ಸಮೀಪವಾಗುವುದು. 30 ಅಡಿ ಉದ್ದ 10 ಅಡಿ ಅಗಲದ ಹೊದಿಕೆಯನ್ನು ಅಂತಹ ಗಾಳಿಯು ಕೆಳಗಿನಿಂದ ಹೊಕ್ಕು ಎತ್ತಿದರೆ, ಸಾವಿರದ ಮುನ್ನೂರು ಕಿಲೋವಿನಷ್ಟು ಬಲದಿಂದ ಎತ್ತಬಲ್ಲದು. ಮಾಡನ್ನು ಬದಲಿಸಿದ ಮೇಲೆ ಗುಳಿಯನ್ನೂ ಬದಲಿಸತಕ್ಕದ್ದು ನ್ಯಾಯ. ನಾವು ಮಾಡನ್ನು ಹೊಸ ಕಾಲಕ್ಕೆ ತಂದು, ಗುಳಿಯನ್ನು ತಾತನ ಕಾಲದಲ್ಲಿಯೇ ಬಿಟ್ಟಿದ್ದೇವೆ.

ಕಲ್ಲುಕಂಬವನ್ನು ನೆಡುವವರಿಗೆ ಇಲ್ಲಿ ಒಂದು ಅನುಕೂಲವಿದೆ. ನಮ್ಮ ಗ್ರಾನೈಟ್ ಜಾತಿಯ ಕಲ್ಲು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಅರ್ಧ ಅಡಿ ಚೌಕದ, 10 ಅಡಿ ಉದ್ದದ ಒಂದು ಕಂಬವು 185 ಕಿಲೋವಿಗೆ ಕಡಮೆಯಿರಲಾರದು. ತೊಲೆಯನ್ನು ಕಂಬಕ್ಕೆ ಕಬ್ಬಿಣದ ಪಟ್ಟಿಯಿಂದ ಭದ್ರವಾಗಿ ಕಟ್ಟಿದ್ದರೆ, ಮೇಲಕ್ಕೆ ಎಳೆಯುವ ಗಾಳಿಯನ್ನು ಎಂಟು ಕಂಬಗಳ ತೂಕವೇ ಬಹುಮಟ್ಟಿಗೆ ತಡೆಯುವುದು. ಆದರೆ ಗಾಳಿಯು ಮೇಲಕ್ಕೆ ಮಾತ್ರ ಎಳೆಯುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಪಕ್ಕದ ತಳ್ಳುವಿಕೆಯನ್ನು ತಡೆಯುವುದು ಕಂಬದ ಬುಡದ ಹಿಡಿತ. “ಕೆಳಗೆ ಬಂಡೆಯೇ ಇರುವಾಗ ಕಂಬ ಎಲ್ಲಿಗೆ ಹೋದೀತು” ಎಂಬ ಮಾತು ಕೆಳಕ್ಕೆ ಕುಸಿಯುವ ವಿಷಯದಲ್ಲಿ ಮಾತ್ರ ಸತ್ಯ. ವಾಲುವ ವಿಷಯದಲ್ಲಿ ಸತ್ಯವಲ್ಲ. ಕಂಬದ ಒಟ್ಟು ಉದ್ದದಲ್ಲಿ ನಾಲ್ಕನೆಯ ಒಂದು ಪಾಲಾದರೂ ನೆಲದೊಳಗೆ ಇರತಕ್ಕದ್ದು; 10 ಅಡಿಯ ಕಂಬಕ್ಕೆ ಎರಡೂವರೆ ಅಡಿ.

ಇನ್ನು ಆ ಆಳವನ್ನು ಕಲ್ಲುನೆಲದಲ್ಲಿ ಪಡೆಯುವ ಬಗೆ. ಎಲ್ಲಕ್ಕಿಂತ ಮೊದಲು, ಗೆರೆ ಎಳೆಯುವುದಕ್ಕೆ ಮುಂಚೆಯೇ ನೆಲವನ್ನು ಪರೀಕ್ಷಿಸಬೇಕು. ಉದ್ದವಾದ ಹಾರೆಯಿಂದ ಪ್ರತಿ ಕಂಬದ ಜಾಗದಲ್ಲಿಯೂ ಚುಚ್ಚಿ ನೋಡಿದರೆ ಎಲ್ಲಿ ಮಣ್ಣು, ಎಲ್ಲಿ ಗರಸು, ಎಲ್ಲಿ ಬಂಡೆ ಎಂಬುದು ಅರ್ಧ ದಿನದಲ್ಲಿ ತಿಳಿಯುವುದು. ಇಡೀ ಕೊಟ್ಟಿಗೆಯನ್ನು ಮೂರಡಿ ಪೂರ್ವಕ್ಕೆ ಸರಿಸಿದರೆ ಎರಡು ಬಂಡೆಗಳು ತಪ್ಪುವುದಾದರೆ, ಸರಿಸುವುದೇ ಮೇಲು. ಗುಳಿ ತೋಡಿದ ಮೇಲೆ ಒಂದು ಕಂಬವನ್ನು ಮಾತ್ರ ಸಾಲಿನಿಂದ ಆಚೆಗೆ ಸರಿಸುವವರು ಉಂಟು. ಅದರಿಂದ ತೊಲೆಯ ಭಾರವೆಲ್ಲ ಓರೆಯಾಗಿ ಬೀಳುವುದರಿಂದ ಹಾಗೆ ಮಾಡತಕ್ಕದ್ದಲ್ಲ.

ಹಾರೆಗೆ ಸಿಕ್ಕಿದ ಕಲ್ಲೆಲ್ಲ ಒಂದೇ ಬಗೆಯದಲ್ಲ. ಮೂರು ಬಗೆಯನ್ನು ಬೇರೆ ಬೇರೆಯಾಗಿ ಅರಿತುಕೊಳ್ಳಬೇಕು.

ಮೊದಲನೆಯದು ಗರಸು. ಇದು ಬಂಡೆಯೇ ಬಿಸಿಲು ಮಳೆಗಳಿಂದ ಕೊಳೆತು ಪುಡಿಯಾಗುತ್ತಿರುವ ಸ್ಥಿತಿ. ಬೇಸಗೆಯಲ್ಲಿ ಕಲ್ಲಿನಂತೆಯೇ ಗಟ್ಟಿಯಾಗಿದ್ದರೂ ನೀರಿಗೆ ಸೋಲುತ್ತದೆ. ಗೇಣು ಆಳ ಅಗೆದು, ಸಂಜೆ ಗುಳಿಯ ತುಂಬ ನೀರು ನಿಲ್ಲಿಸಿ, ಬೆಳಗ್ಗೆ ಮತ್ತೆ ಅಗೆದರೆ ಕೆಲಸವು ಬಹಳ ಹಗುರವಾಗುವುದು. ಇಕ್ಕಟ್ಟಾದ ಗುಳಿಯಿಂದ ಪುಡಿಯನ್ನು ಎತ್ತಲು ಸನಿಕೆಗಿಂತ ತೆಂಗಿನ ಚಿಪ್ಪು ಅನುಕೂಲವೆಂದು ಕೆಲಸಗಾರರೇ ತೋರಿಸಿಕೊಟ್ಟಿದ್ದಾರೆ. ಸಾಧ್ಯವಿದ್ದವರು ಗುಳಿಯ ಕೆಲಸವನ್ನು ಆಶ್ವಯುಜ ಕಾರ್ತಿಕಗಳಲ್ಲಿ, ನೆಲದಲ್ಲಿ ಹಸಿ ಇರುವಾಗಲೇ ಮುಗಿಸಿ, ಬೇಸಗೆಯ ಬಿರುಗಾಳಿಗೆ ಮುಂಚೆ ಮಾಡನ್ನು ಹೊದಿಸಿಕೊಳ್ಳಬೇಕು.

ಎರಡನೆಯದು ಗುಂಡು. ಗರಸಿನ ನಡುವೆ ಹೂತುಕೊಂಡಿರುವ ಬಿಡಿ ಬಂಡೆ ಇದು. ಹಾರೆಯಿಂದ ಕುಟ್ಟಿದರೆ ಸದ್ದು ಟೊಳ್ಳಾಗಿ ಕೇಳುವುದು. ಸುತ್ತಲೂ ಕೆದಕಿದರೆ ಅಂಚು ಸಿಕ್ಕುವುದು. ಚಿಕ್ಕದಾದರೆ ಮಗ್ಗುಲನ್ನು ಅಗಲಿಸಿ, ಹಾರೆಯಿಂದ ಮೀಟಿ ತೆಗೆಯಬಹುದು. ದೊಡ್ಡದಾದರೆ ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಒಂದು ಸಾಲು ತೂತು ಹೊಡೆಸಿ, ಬೆಣೆಗಳನ್ನು ಇಟ್ಟು, ಸುತ್ತಿಗೆಯಿಂದ ಒಂದಾದ ಮೇಲೊಂದನ್ನು ಸರದಿಯಾಗಿ ಬಡಿಸಿದರೆ ಕಲ್ಲು ಸೀಳುವುದು. ಇದರಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಕಲ್ಲಿನ ನಾರು ಯಾವ ಕಡೆಗೆ ಓಡುವುದೆಂಬುದನ್ನು ಭೋವಿ ಜನರಲ್ಲಿ ಹಿರಿಯರಾದವರು ಕೈಯಿಂದ ಸವರಿಯೇ ಹೇಳಬಲ್ಲರು. ಅವರ ಮಾತನ್ನು ಕೇಳುವುದರಿಂದ ನಮ್ಮ ಗೌರವಕ್ಕೆ ಕುಂದಿಲ್ಲ.

ಮೂರನೆಯದು ಹಾಸುಬಂಡೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಎಲ್ಲರೂ ನೋಡಿರುವ ಬಂಡೆಯು ಈ ಜಾತಿಯದೇ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಗರ್ಭಶಾಸ್ತ್ರಜ್ಞರು ಹೇಳುವ ಈ ಶಿಲೆಯೇ ನಮ್ಮ ಬಯಲುಸೀಮೆಯ ಬಹುಭಾಗದ ತಳಹದಿ. ಇದು ಸಿಕ್ಕಿದರೆ ಎರಡೂವರೆ ಅಡಿಯ ಗುಳಿಯನ್ನು ಅದರಲ್ಲಿ ಕಡಿಸುವುದು ಹಣದ ದುಂದು, ಅಗತ್ಯವೂ ಇಲ್ಲ. ಆದರೆ ಬಂಡೆಯ ಮೇಲೆ ಕಂಬವನ್ನು ಸುಮ್ಮನೆ ನಿಲ್ಲಿಸಿ ಸುತ್ತಲೂ ಮಣ್ಣು ಮುಚ್ಚುವುದೂ ಸಲ್ಲದು. ಹಂಪೆಯ ಹೇಮಕೂಟದ ಗುಡಿಗಳು ಬರಿಯ ಬಂಡೆಯ ಮೇಲೆಯೇ ನಿಂತಿಲ್ಲವೇ ಎಂದು ಕೆಲವರು ಕೇಳುವರು. ನಿಂತಿರುವುದು ನಿಜ, ಆ ಕಂಬಗಳ ಮೇಲೆ ಕಲ್ಲಿನ ಚಪ್ಪಡಿಯ ಭಾರವಿದೆ, ನಮ್ಮ ಕಂಬದ ಮೇಲೆ ತಗಡಿದೆ. ಆದುದರಿಂದ ನಾವು ಕಂಬವನ್ನು ಬಂಡೆಗೆ ಕಚ್ಚಿಸಬೇಕು. ಬಂಡೆಯಲ್ಲಿ ಕಂಬದ ಬುಡ ಕೂರುವಷ್ಟು ಅಗಲಕ್ಕೆ ಎರಡು ಮೂರು ಅಂಗುಲ ಆಳದ ಮನೆ ಕಡಿಸಿ, ಅದರ ನಡುವೆ ಎಂಟು ಅಂಗುಲ ಆಳದ ತೂತು ಹೊಡೆಸಿ, ಕಂಬದ ಬುಡದಲ್ಲಿಯೂ ಆರು ಅಂಗುಲದ ತೂತು ಹೊಡೆಸಿ, ಎರಡಕ್ಕೂ ಸೇರುವಂತೆ ಹೆಬ್ಬೆರಳು ಗಾತ್ರದ ಕಬ್ಬಿಣದ ಸರಳನ್ನು ಇಡಬೇಕು. ತೂತಿನ ಧೂಳನ್ನು ಪೂರ್ತಿ ತೆಗೆದು, ಒದ್ದೆ ಮಾಡಿ, ಸಿಮೆಂಟಿನ ಗಂಜಿಯನ್ನು ತುಂಬಿಸಬೇಕು. ಆಮೇಲೆ ಕಂಬದ ಸುತ್ತ ಎರಡೂವರೆ ಅಡಿ ಚೌಕದ, ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆಯನ್ನು ಸಿಮೆಂಟುಗಾರೆಯಿಂದ ಕಟ್ಟಿಸಿ, ಹತ್ತು ದಿನ ನೀರುಣಿಸಿದ ಮೇಲೆಯೇ ತೊಲೆಯನ್ನು ಏರಿಸಬೇಕು. ತೊಲೆಯೂ ಕಂಬವೂ ಕೂಡುವ ಮೂಲೆಗೆ ಓರೆಗಂಬಿಗಳನ್ನು ಕೊಟ್ಟರೆ ವಾಲುವ ಭಯವು ಇನ್ನೂ ಕಡಮೆಯಾಗುವುದು.

ಬೆಂಕಿಯ ವಿಷಯವಾಗಿ ಒಂದು ಮಾತು. ಸೌದೆಯ ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಪದರ ಬಿಡಿಸುವುದು ನಮ್ಮ ಕಲ್ಲುಕುಟಿಗರಿಗೆ ಹಿಂದಿನಿಂದ ತಿಳಿದ ವಿದ್ಯೆ. ಬೆಂಗಳೂರಿನ ಸುತ್ತಿನ ಈ ಕೆಲಸವನ್ನು ಕುರಿತು 1895ರಲ್ಲಿಯೇ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಲೇಖನವು ಪ್ರಕಟವಾಗಿತ್ತು. ಆದರೆ ಅದು ಬಯಲು ಕಲ್ಲುಗಣಿಯ ವಿದ್ಯೆ. ಇಕ್ಕಟ್ಟಾದ ಗುಳಿಯಲ್ಲಿ ಬೆಂಕಿಯು ಸರಿಯಾಗಿ ಉರಿಯದು, ಹುಲ್ಲಿನ ಬಣವೆಯೂ ಹತ್ತಿರದಲ್ಲಿಯೇ ಇರುವುದು. ಸಿಡಿಮದ್ದಿನ ಮಾತನ್ನಂತೂ ಎತ್ತಲೇ ಕೂಡದು. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು 1884ರ ಸ್ಫೋಟಕ ವಸ್ತುಗಳ ಕಾಯಿದೆಯ ಪ್ರಕಾರ ಅಪರಾಧ. 2021ರ ಜನವರಿಯಲ್ಲಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿಯೂ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿಯೂ ಕಲ್ಲುಗಣಿಯ ಸಿಡಿಮದ್ದು ಸಿಡಿದು ಎಷ್ಟು ಮಂದಿ ಪ್ರಾಣ ಕಳೆದುಕೊಂಡರೆಂಬುದನ್ನು ನಾವು ಮರೆಯಬಾರದು. ಯಂತ್ರಗಳ ವಿಷಯದಲ್ಲಿ ನನಗೆ ವಿರೋಧವಿಲ್ಲ. ಟ್ರಾಕ್ಟರಿಗೆ ಜೋಡಿಸುವ ಗುಳಿ ತೋಡುವ ಯಂತ್ರವು ಮಣ್ಣಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುವುದು, ಬಂಡೆಗೆ ನಿಲ್ಲುವುದು. ಜೆಸಿಬಿಯು ಬಂಡೆಯ ಗುಂಡನ್ನು ಎತ್ತುವುದಾದರೂ, ಗುಳಿಯನ್ನು ಹೊಂಡ ಮಾಡಿ ಸುತ್ತಲಿನ ಗಟ್ಟಿ ನೆಲವನ್ನು ಸಡಿಲಿಸಿಬಿಡುವುದು. ಕಂಪ್ರೆಸರಿನಿಂದ ತೂತು ಹೊಡೆಸುವವರು ನೀರು ಹಾಯಿಸಿಕೊಂಡು ಹೊಡೆಸತಕ್ಕದ್ದು. ಒಣ ಕಲ್ಲುಧೂಳು ಕೆಲಸಗಾರನ ಶ್ವಾಸಕೋಶವನ್ನು ಕೆಡಿಸುತ್ತದೆ.

ಗುಳಿಯ ಆಕಾರದಲ್ಲಿಯೂ ಒಂದು ತಪ್ಪು ಸಾಮಾನ್ಯವಾಗಿದೆ. ಕಲ್ಲು ಅಡ್ಡ ಬಂದಂತೆಲ್ಲ ಅಗೆಯುವವನು ಗುಳಿಯನ್ನು ಕಿರಿದು ಮಾಡುತ್ತ ಹೋಗುವುದರಿಂದ ಅದು ಆಲಿಕೆಯ ಆಕಾರವನ್ನು ತಾಳುವುದು. ಅಂತಹ ಗುಳಿಯಲ್ಲಿ ಕಂಬವು ಅಲುಗಾಡಿದಂತೆಲ್ಲ ಮೇಲಕ್ಕೆ ಬರುವುದು. ತಳವು ಬಾಯಿಗಿಂತ ಅಗಲವಾಗಿರಬೇಕು. ಕಡೆಯ ಪಕ್ಷ ಸಮನಾಗಿಯಾದರೂ ಇರಬೇಕು. ಕಂಬವನ್ನು ಇಳಿಸಿ, ತೂಗುಗುಂಡು ಹಿಡಿದು ನೆಟ್ಟಗೆ ಮಾಡಿ, ತೆಗೆದ ಕಲ್ಲಿನ ಚೂರುಗಳನ್ನೇ ನಾಲ್ಕೂ ಕಡೆಗೆ ಬಿಗಿಯಾಗಿ ಜಡಿದು, ಗರಸನ್ನು ಅರ್ಧ ಅಡಿಗೊಂದು ಸಾರಿ ಹಾಕಿ ದಮ್ಮಸ್ಸು ಮಾಡಬೇಕು. ಕಡೆಯಲ್ಲಿ ಬುಡದ ಸುತ್ತ ನೀರು ಆಚೆಗೆ ಹರಿಯುವಂತೆ ಇಳಿಜಾರು ಕೊಡಬೇಕು.

ಇಷ್ಟೆಲ್ಲವನ್ನೂ ತಿಳಿದ ಮೇಲೂ, ಗುತ್ತಿಗೆಯ ಪದ್ಧತಿಯು ಬದಲಾಗದಿದ್ದರೆ ಪ್ರಯೋಜನವಿಲ್ಲ. ಎಂಟು ಗುಳಿಗೂ ಒಂದೇ ದರವನ್ನು ಗೊತ್ತುಮಾಡಿದಾಗ, ಮಣ್ಣಿನಲ್ಲಿ ಗುಳಿ ಸಿಕ್ಕಿದವನಿಗೆ ಲಾಭ, ಬಂಡೆಯಲ್ಲಿ ಸಿಕ್ಕಿದವನಿಗೆ ನಷ್ಟ. ನಷ್ಟದಲ್ಲಿರುವವನು ಕೆಲಸವನ್ನು ಬೇಗ ಮುಗಿಸಲು ನೋಡುವುದು ಮನುಷ್ಯಸ್ವಭಾವ. ಅವನನ್ನು ಮೋಸಗಾರನೆಂದು ಬೈಯುವುದು ಸುಲಭ. ನಾನು ಕಂಡ ಆ ಹಿರಿಯನಾದರೋ ಮೋಸ ಮಾಡದೆ ಬಾಯಿಬಿಟ್ಟು ಹೇಳಿದನು, ನಾವು ಇಬ್ಬರೂ ಕೇಳಲಿಲ್ಲ. ಸರ್ಕಾರದ ಲೋಕೋಪಯೋಗಿ ಕೆಲಸಗಳಲ್ಲಿ ಸಾಧಾರಣ ಮಣ್ಣು, ಗಟ್ಟಿ ಮಣ್ಣು, ಮೆತ್ತನೆಯ ಕಲ್ಲು, ಗಟ್ಟಿ ಕಲ್ಲು ಎಂದು ವಿಂಗಡಿಸಿ ಅಗೆತಕ್ಕೆ ಬೇರೆ ಬೇರೆ ದರವನ್ನು ಕೊಡುವ ಕ್ರಮ ಬಹುಕಾಲದಿಂದ ಇದೆ. ದೊಡ್ಡ ಗುತ್ತಿಗೆದಾರನಿಗೆ ಸಲ್ಲುವ ನ್ಯಾಯವು ನಮ್ಮ ಹಿತ್ತಿಲಿನಲ್ಲಿ ಹಾರೆ ಹಿಡಿದವನಿಗೆ ಏಕೆ ಸಲ್ಲಬಾರದು?

ನನ್ನ ಸಲಹೆ ಇಷ್ಟೆ. ಮಣ್ಣಿನಲ್ಲಿ ಇಳಿದ ಪ್ರತಿ ಅಡಿಗೆ ಒಂದು ಪಾಲು, ಗರಸಿನಲ್ಲಿ ಇಳಿದ ಪ್ರತಿ ಅಡಿಗೆ ಎರಡು ಪಾಲು, ಬಂಡೆಯಲ್ಲಿಯಾದರೆ ಅಂಗುಲದ ಲೆಕ್ಕಕ್ಕೆ ಬೇರೆ ದರ ಎಂದು ಕೆಲಸಕ್ಕೆ ಮುಂಚೆಯೇ ಇಬ್ಬರೂ ಒಪ್ಪಿಕೊಳ್ಳಬೇಕು. ಒಂದೇ ಅಳತೆಕೋಲನ್ನು ಯಜಮಾನನೂ ಕೆಲಸಗಾರನೂ ಹಿಡಿದು ಸಂಜೆಗೊಮ್ಮೆ ಅಳೆಯಬೇಕು. ಹೀಗೆ ಮಾಡಿದರೆ ಕೆಲಸವನ್ನು ಎಳೆದಾಡುವರೆಂಬ ಭಯವಿಲ್ಲ. ದಿನಗೂಲಿಯಲ್ಲಿ ಆ ಭಯವುಂಟು, ಆಳದ ಲೆಕ್ಕದಲ್ಲಿಲ್ಲ. ಇಳಿದಷ್ಟಕ್ಕೆ ಹಣ, ಆದುದರಿಂದ ಇಳಿಸುವುದರಲ್ಲಿಯೇ ಅವನ ಲಾಭ. ನಮ್ಮ ಲಾಭವೂ ಅದರಲ್ಲಿಯೇ ಇರುವುದು.

ಗ್ರಾಮದ ಮುಖಂಡರಾದವರಲ್ಲಿ ಇನ್ನೂ ಎರಡು ಬಿನ್ನಹಗಳು. ಉದ್ದದ ಹಾರೆಗಳು, ಉಳಿ, ಬೆಣೆ, ಚಮ್ಮಟಿಗೆ ಇವುಗಳ ಒಂದು ಜೊತೆಯನ್ನು ಊರಿಗೆಲ್ಲ ಸಾಮಾನ್ಯವಾಗಿ ಸಹಕಾರ ಸಂಘದಲ್ಲಿ ಇರಿಸಿದರೆ ಬಡರೈತನೂ ಸರಿಯಾದ ಗುಳಿಯನ್ನು ತೋಡಿಕೊಳ್ಳುವನು. 1905ರಷ್ಟು ಹಿಂದೆಯೇ ಗದಗಿನ ಸಮೀಪದ ಕಣಗಿನಹಾಳದ ರೈತರು ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ನಾಲ್ಕು ಹಾರೆಗಳನ್ನು ಒಟ್ಟಾಗಿ ಕೊಳ್ಳುವುದು ಅದಕ್ಕಿಂತ ಕಷ್ಟವಾದುದಲ್ಲ. ಎರಡನೆಯದಾಗಿ, ತೋಡಿದ ಗುಳಿಯನ್ನು ರಾತ್ರಿ ಬಾಯಿ ತೆರೆದು ಬಿಡಬಾರದೆಂಬ ಕಟ್ಟನ್ನು ಊರಿನಲ್ಲಿ ಮಾಡಬೇಕು. ಒಂದು ಚಪ್ಪಡಿಯನ್ನು ಮುಚ್ಚಿ ಮೇಲೆ ಮುಳ್ಳಿನ ಕೊಂಬೆಯನ್ನು ಇಟ್ಟರೆ ಸಾಕು. ಕರುವಿನ ಕಾಲೂ ಮಕ್ಕಳ ಕಾಲೂ ಉಳಿಯುವುವು.

ಆ ಗ್ರಾಮದ ರೈತರು ಮರುವರ್ಷ ಅದೇ ಜಾಗದಲ್ಲಿ ಕೊಟ್ಟಿಗೆಯನ್ನು ಮತ್ತೆ ಕಟ್ಟಿಸಿದರು. ಕೆಲಸಕ್ಕೆ ಅದೇ ಹಿರಿಯನನ್ನೇ ಕರೆದರು. ಈ ಸಲ ದರವನ್ನು ಅಡಿಯ ಲೆಕ್ಕದಲ್ಲಿ ಗೊತ್ತುಮಾಡಿದ್ದರು. ಪಡುವಲ ಕೊನೆಯ ಎರಡು ಕಂಬಗಳಿಗೆ ಬಂಡೆಯಲ್ಲಿ ಮನೆ ಕಡಿಸಿ ಸರಳು ಇಡಿಸಿದರು. ಆ ಎರಡು ಕಂಬಗಳಿಗೆ ಬಿದ್ದ ಹೆಚ್ಚಿನ ವೆಚ್ಚವು ಸತ್ತ ಎತ್ತಿನ ಬೆಲೆಯಲ್ಲಿ ಸಣ್ಣದೊಂದು ಪಾಲೂ ಆಗಲಿಲ್ಲವೆಂದು ಅವರೇ ಲೆಕ್ಕ ತೋರಿಸಿದರು. ಕೊಟ್ಟಿಗೆಯು ಈಗಲೂ ನಿಂತಿದೆ. ನಿಮ್ಮ ಊರಿನಲ್ಲಿ ಈ ವರ್ಷ ಕೊಟ್ಟಿಗೆಯನ್ನು ಕಟ್ಟಿಸುವವರಿದ್ದರೆ, ಕಂಬವನ್ನು ಇಳಿಸುವುದಕ್ಕೆ ಮುಂಚೆ ಒಂದು ಅಳತೆಕೋಲನ್ನು ಹಿಡಿದು ಗುಳಿಯ ಬಳಿಗೆ ಹೋಗಿ ನಿಲ್ಲಬೇಕೆಂದೂ, ಅಗೆಯುವವನು ಏನಾದರೂ ಹೇಳಿದರೆ ಕಿವಿಗೊಡಬೇಕೆಂದೂ ಪ್ರಾರ್ಥಿಸುತ್ತೇನೆ.